ಗೃಹಸ್ಥರ ಯಂತ್ರವಿಚಾರ: ಸೈಲೆನ್ಸರಿನ ಮಸಿ

ಕಮಲಾಪುರದ ವಾಚಕರೊಬ್ಬರು, ತಮ್ಮ ತೀರ್ಥರೂಪರ ಕಾಲದ ಯೆಜ್ದಿ ಮೋಟಾರು ಸೈಕಲ್ಲು ಕಲಬುರಗಿಯ ಹಾದಿಯಲ್ಲಿ ಏರು ಬಂದಿತೆಂದರೆ ಏದುಸಿರು ಬಿಡುತ್ತಿರುವುದೆಂದೂ, ಸೈಲೆನ್ಸರಿನೊಳಗಿನ ಬ್ಯಾಫಲನ್ನು ಕಿತ್ತೆಸೆದರೆ ಬಲ ಬರುವುದೆಂದು ಗೆಳೆಯರು ಹೇಳುವರೆಂದೂ ಬರೆದು, ನಮ್ಮ ಅಭಿಪ್ರಾಯವನ್ನು ಕೇಳಿರುವರು. ಕಿತ್ತೆಸೆಯತಕ್ಕದ್ದಲ್ಲ, ಮಸಿಯನ್ನು ತೆಗೆದು ಮರಳಿ ಕೂಡಿಸತಕ್ಕದ್ದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಮೊದಲು ಜಾವಾ, ಮುಂದೆ ಯೆಜ್ದಿ ಎಂಬ ಹೆಸರಿನ ಗಾಡಿಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಅಲ್ಲಿಯ ಈ ಹಳೆಯ ಗಾಡಿಗಳು ಟೂ ಸ್ಟ್ರೋಕಿನವು. ಅವುಗಳಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದು. ಉರಿಯದೆ ಉಳಿದುದು ಹೊಗೆಯೊಡನೆ ಹೊರಟು ಬ್ಯಾಫಲಿನ ರಂಧ್ರಗಳಲ್ಲಿ ಡಾಂಬರಿನಂತೆ ಕಟ್ಟಿಕೊಳ್ಳುವುದು. ಹಳೆಯ ಹೊಗೆ ಹೊರಡದಿದ್ದ ಮೇಲೆ ಹೊಸ ಮಿಶ್ರಣಕ್ಕೆ ಒಳಗೆ ಎಡೆಯೆಲ್ಲಿ? ಬ್ಯಾಫಲೇ ಇಲ್ಲದಿದ್ದರೆ ಆ ಮಿಶ್ರಣವೂ ಉರಿಯುವ ಮೊದಲೇ ಹೊರಕ್ಕೆ ಸೋರಬಹುದು; ಬೆಳೆಯುವುದು ಸದ್ದು ಮಾತ್ರ.

ಗಾಡಿ ಪೂರ್ಣವಾಗಿ ತಣಿದ ಮೇಲೆ ಹಿಂದುಗಡೆಯ ತಿರುಪನ್ನು ಸಡಿಲಿಸಿ ಬ್ಯಾಫಲನ್ನು ಎಳೆದುಕೊಳ್ಳಬೇಕು. ಬಾರದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು ಮರುದಿನ ನೋಡುವುದು. ಸುತ್ತಿಗೆಯ ಪೆಟ್ಟು ಸಲ್ಲದು. ದಪ್ಪ ಮಸಿಯನ್ನು ಕೆರೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ರಂಧ್ರಗಳನ್ನು ಒಂದೊಂದಾಗಿ ಬಿಡಿಸಬೇಕು. ಕೆಲವರು ಕಾಸ್ಟಿಕ್ ಸೋಡದ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಡುವರು. ಮಸಿ ಬಿಡುವುದು ನಿಜ. ಆದರೆ ತಣ್ಣೀರಿಗೆ ಸೋಡವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡದ ಮೇಲೆ ನೀರನ್ನು ಸುರಿಯಕೂಡದು. ಸಿಡಿದರೆ ಕಣ್ಣೇ ಹೋದೀತು. ರಬ್ಬರಿನ ಕೈಗವಸೂ ಕಣ್ಣಿಗೆ ಕನ್ನಡಕವೂ ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನೂ ಸತುವಿನ ಲೇಪದ ಬಕೆಟ್ಟನ್ನೂ ಅದು ತಿನ್ನುವುದು. ಮಕ್ಕಳಿರುವ ಮನೆಯ ಬಚ್ಚಲಲ್ಲಿ ಇಂಥ ನೀರು ರಾತ್ರಿ ಕಳೆಯುವುದು ನಮಗೆ ಸರಿದೋರದು. ಕೆರೆಯುವ ಶ್ರಮವೇ ಲೇಸು.

ಬೇರೆ ಕೆಲವು ಸೈಲೆನ್ಸರುಗಳಲ್ಲಿ ರಂಧ್ರದ ಕೊಳವೆಯ ಸುತ್ತ ಗ್ಲಾಸ್ ವುಲ್ ಎಂಬ ಗಾಜಿನ ಎಳೆಯ ಹತ್ತಿ ಇರುವುದು. ಅದು ಸವೆದಂತೆ ಸದ್ದು ಒಡಕಾಗುವುದು. ರಿವೆಟ್ಟುಗಳನ್ನು ಕೊರೆದು ತೆಗೆದು, ಹಳೆಯದನ್ನು ಬಿಡಿಸಿ, ಹೊಸದನ್ನು ಎಲ್ಲ ಕಡೆ ಸಮನಾಗಿ ಸುತ್ತಿ, ಮತ್ತೆ ರಿವೆಟ್ಟು ಹೊಡೆಯಬೇಕು. ಬಟ್ಟೆ, ತೆಂಗಿನ ನಾರು ಹೊತ್ತಿಕೊಳ್ಳುವುವು. ಆಸ್ಬೆಸ್ಟಾಸನ್ನಂತೂ ಮುಟ್ಟಲೇಬಾರದು, ಅದರ ಧೂಳು ಶ್ವಾಸಕೋಶಕ್ಕೆ ಮೃತ್ಯು. ಗಾಜಿನ ಎಳೆಯೂ ಮೈಗೆ ತುರಿಕೆ. ಕೈಗವಸು, ಮುಖವಸ್ತ್ರಗಳಿಲ್ಲದೆ ಕೂಡಬೇಡಿರಿ. 2020ರ ಏಪ್ರಿಲ್ ತರುವಾಯದ ಬಿ.ಎಸ್.-6 ಗಾಡಿಗಳಲ್ಲಿ ಹೊಗೆ ಶುದ್ಧಿಯ ಸಾಧನವೂ ಇರುವುದರಿಂದ ಮನೆಯಲ್ಲಿ ಬಿಚ್ಚುವ ಗೋಜು ಬೇಡ.

ಇನ್ನು ಸದ್ದನ್ನೇ ಪೌರುಷವೆಂದೆಣಿಸುವ ಗೆಳೆಯರ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯದು ಪ್ರತಿಯೊಂದು ಗಾಡಿಗೂ ಸದ್ದಡಗಿಸುವ ಸೈಲೆನ್ಸರನ್ನು ವಿಧಿಸಿರುವುದು. ಕಾನೂನು ಹಾಗಿರಲಿ, ಬೇಸಗೆಯ ಧಗೆಗೆ ಮಾಳಿಗೆಯ ಮೇಲೆ ಹಾಸಿಕೊಂಡ ಕಲಬುರಗಿಯ ಓಣಿಯಲ್ಲಿ, ಆಗತಾನೆ ಕಣ್ಣು ಮುಚ್ಚಿದ ಕೂಸನ್ನೂ ಜ್ವರದ ಮುದುಕರನ್ನೂ ಎಬ್ಬಿಸುವ ಹಕ್ಕು ಯಾರಿಗಿದೆ?

ಕೂಡಿಸಿದ ಮೇಲೆ ಮೊದಲು ಕೆಲವು ನಿಮಿಷ ಹೊಗೆ ಹೆಚ್ಚಾಗಿ ಕಂಡರೆ ಅಂಜಬೇಕಾಗಿಲ್ಲ. ಉಳಿದ ಜಿಡ್ಡು ಉರಿಯುತ್ತಿರುವುದು. ಬೇಗನೆ ಮತ್ತೆ ಮಸಿ ಕಟ್ಟಿದರೆ ಮಾತ್ರ ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅಳತೆಯನ್ನು ಕೈಪಿಡಿಯೊಡನೆ ಹೋಲಿಸಿ ನೋಡತಕ್ಕದ್ದು.