ಕಾಫಿ ಪುಡಿ ಉದ್ಯಮಕ್ಕೆ ಅನಾಮಿಕ ರುಚಿ ಪರೀಕ್ಷೆಯ ಅಗತ್ಯ

ಕಾಫಿ ಬೀಜದ ಬೆಲೆ ಏರಿದಾಗಲೆಲ್ಲ ಅದನ್ನು ಹುರಿದು ಪುಡಿ ಮಾಡಿ ಮಾರುವ ಸಣ್ಣ ಉದ್ಯಮಿಯ ಮುಂದೆ ಮೂರು ದಾರಿಗಳು ಉಳಿಯುತ್ತವೆ: ಪುಡಿಯ ದರವನ್ನು ಏರಿಸುವುದು, ಲಾಭದ ಪ್ರಮಾಣವನ್ನು ತಗ್ಗಿಸಿಕೊಳ್ಳುವುದು ಅಥವಾ ಮಿಶ್ರಣವನ್ನು ಬದಲಾಯಿಸುವುದು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ವಾಯಿದಾ ಮಾರುಕಟ್ಟೆಯಲ್ಲಿ ಅರೇಬಿಕಾ ದರವು ಪೌಂಡಿಗೆ 4 ಡಾಲರುಗಳ ಗಡಿಯನ್ನು ಮೊಟ್ಟಮೊದಲ ಬಾರಿಗೆ ದಾಟಿದಾಗ ಈ ಪ್ರಶ್ನೆ ಪ್ರತಿಯೊಂದು ಕಾಫಿ ವರ್ಕ್ಸ್‌ನ ಬಾಗಿಲಿಗೂ ಬಂದು ನಿಂತಿತು. ಮೊದಲ ದಾರಿ ಗಿರಾಕಿಯನ್ನು ದೂರ ಮಾಡೀತೆಂಬ ಭಯ. ಎರಡನೆಯದು ಬಹುಕಾಲ ನಡೆಯುವಂಥದ್ದಲ್ಲ. ಹೀಗಾಗಿ ಮೂರನೆಯ ದಾರಿಯತ್ತ ಮನಸ್ಸು ವಾಲುವುದು ಸಹಜ. ಪ್ಲಾಂಟೇಷನ್ ಎ ಬದಲಿಗೆ ಅರೇಬಿಕಾ ಚೆರ್ರಿ, ಅರೇಬಿಕಾದ ಒಂದು ಪಾಲಿನ ಬದಲಿಗೆ ರೋಬಸ್ಟಾ, ಅದೂ ಸಾಲದಿದ್ದರೆ ಚಿಕೋರಿಯ ಪ್ರಮಾಣದಲ್ಲಿ ಒಂದಿಷ್ಟು ಹೆಚ್ಚಳ.

ಇಂಥ ಬದಲಾವಣೆಗಳ ಹಿಂದೆ ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ ಒಂದೇ: "ಇಷ್ಟು ಸಣ್ಣ ವ್ಯತ್ಯಾಸ ಗಿರಾಕಿಗೆ ತಿಳಿಯುವುದಿಲ್ಲ." ಈ ಮಾತು ನಿಜವೂ ಇರಬಹುದು, ಸುಳ್ಳೂ ಇರಬಹುದು. ಆದರೆ ಅದನ್ನು ಪರೀಕ್ಷಿಸದೆಯೇ ನಂಬಿ, ವರ್ಷಗಟ್ಟಲೆ ಶ್ರಮಿಸಿ ಗಳಿಸಿದ ಹೆಸರನ್ನು ಪಣಕ್ಕಿಡುವುದು ವ್ಯಾಪಾರದ ವಿವೇಕವೆನಿಸದು. ಪರೀಕ್ಷಿಸಲು ದುಬಾರಿ ಪ್ರಯೋಗಾಲಯವೇನೂ ಬೇಕಿಲ್ಲ. ಕೆಲವು ಲೋಟಗಳು, ಒಂದು ತಕ್ಕಡಿ, ಸ್ವಲ್ಪ ಶಿಸ್ತು ಮತ್ತು ಫಲಿತಾಂಶವನ್ನು ಒಪ್ಪಿಕೊಳ್ಳುವ ಮನಸ್ಸು ಇದ್ದರೆ ಸಾಕು. ಮಾದರಿಗಳ ಹೆಸರು, ಬೆಲೆ, ತಯಾರಕರ ಗುರುತು ಇವೆಲ್ಲವನ್ನೂ ಮರೆಮಾಡಿ ನಡೆಸುವ ಅನಾಮಿಕ ರುಚಿ ಪರೀಕ್ಷೆಯೇ ಆ ಸಾಧನ.

ಹೆಸರಿನ ಪ್ರಭಾವ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ತಯಾರಕನಿಗೆ ಚೆನ್ನಾಗಿ ಅನ್ವಯಿಸುತ್ತದೆ. ತನ್ನ ಮಿಶ್ರಣವೆಂದು ತಿಳಿದು ಕುಡಿದವನಿಗೆ ಅದರ ದೋಷ ಕಾಣುವುದು ಅಪರೂಪ. ಪೊಟ್ಟಣದ ಅಂದ, ಅಂಗಡಿಯ ಖ್ಯಾತಿ, ಕೊಟ್ಟ ಬೆಲೆ ಇವೆಲ್ಲವೂ ನಾಲಿಗೆಗಿಂತ ಮೊದಲೇ ತೀರ್ಪು ನೀಡಿಬಿಡುತ್ತವೆ. ಆದ್ದರಿಂದಲೇ ದ್ರಾಕ್ಷಾರಸದಿಂದ ಹಿಡಿದು ಪೈಪ್ ತಂಬಾಕಿನವರೆಗೆ, ಮಿಶ್ರಣದ ಗುಣವನ್ನೇ ನಂಬಿ ನಡೆಯುವ ವ್ಯಾಪಾರಗಳಲ್ಲಿ ಗುರುತು ಮುಚ್ಚಿ ಪರೀಕ್ಷಿಸುವ ವಿಧಾನಕ್ಕೆ ಬೆಲೆಯಿದೆ.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದು 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ದೊರೆಯಿತು. ಆ ನಗರದಲ್ಲಿ ದ್ರಾಕ್ಷಾರಸದ ಅಂಗಡಿ ನಡೆಸುತ್ತಿದ್ದ ಸ್ಟೀವನ್ ಸ್ಪರಿಯರ್ ಎಂಬ ಬ್ರಿಟಿಷ್ ವರ್ತಕ ಫ್ರಾನ್ಸಿನ ಹೆಸರಾಂತ ದ್ರಾಕ್ಷಾರಸಗಳನ್ನೂ ಆಗ ಅಷ್ಟಾಗಿ ಮನ್ನಣೆಯಿಲ್ಲದ ಕ್ಯಾಲಿಫೋರ್ನಿಯಾದ ದ್ರಾಕ್ಷಾರಸಗಳನ್ನೂ ಗುರುತು ಮರೆಮಾಡಿ ಒಂಬತ್ತು ಮಂದಿ ಫ್ರೆಂಚ್ ತಜ್ಞರ ಮುಂದಿರಿಸಿದ. ಅಂಕಗಳನ್ನು ಕೂಡಿದಾಗ ಬಿಳಿ ಮತ್ತು ಕೆಂಪು ಎರಡೂ ವಿಭಾಗಗಳಲ್ಲಿ ಕ್ಯಾಲಿಫೋರ್ನಿಯಾವೇ ಮೊದಲ ಸ್ಥಾನ ಪಡೆದಿತ್ತು. ಪರೀಕ್ಷೆಯನ್ನು ಏರ್ಪಡಿಸಿದವನು ವಿಜ್ಞಾನಿಯಲ್ಲ, ಒಬ್ಬ ಅಂಗಡಿಕಾರ ಎಂಬುದು ವರ್ತಕ ಸಮುದಾಯ ಗಮನಿಸಬೇಕಾದ ಸಂಗತಿ.

ಹೆಸರಿನಂತೆಯೇ ಬಣ್ಣವೂ ದಾರಿ ತಪ್ಪಿಸುತ್ತದೆ. ಫ್ರಾನ್ಸಿನ ಬೋರ್ಡೊದಲ್ಲಿ ದ್ರಾಕ್ಷಾರಸ ಶಾಸ್ತ್ರವನ್ನು ಅಭ್ಯಸಿಸುತ್ತಿದ್ದ 54 ಮಂದಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ದ್ರಾಕ್ಷಾರಸವನ್ನು ನೀಡಿದಾಗ, ಅವರು ಅದನ್ನು ಕೆಂಪು ದ್ರಾಕ್ಷಾರಸಕ್ಕೆ ಬಳಸುವ ಪದಗಳಿಂದಲೇ ವರ್ಣಿಸಿದ ಸಂಗತಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಫಿಲ್ಟರ್ ಕಾಫಿಯ ವ್ಯಾಪಾರದಲ್ಲಿ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿದರೆ ಪುಡಿ ಉತ್ತಮವೆಂದು ನಂಬುವ ಗಿರಾಕಿಗಳು ಬಹಳ. ಆದರೆ ಆ ಬಣ್ಣವನ್ನೂ ಗಟ್ಟಿತನವನ್ನೂ ಕಡಿಮೆ ಖರ್ಚಿನಲ್ಲಿ ಒದಗಿಸುವುದು ಚಿಕೋರಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ ಕಪ್ಪಗಿರುವುದೆಲ್ಲ ಕಾಫಿಯೂ ಅಲ್ಲ.

ತೋಟದಲ್ಲಿರುವ ಶಿಸ್ತು ಅಂಗಡಿಯಲ್ಲಿಲ್ಲ

ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕಕ್ಕೆ ರುಚಿ ಪರೀಕ್ಷೆ ಹೊಸದೇನಲ್ಲ. ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿಯೇ. 1996ರಲ್ಲಿ ಕೊನೆಗೊಂಡ ಸಾಮೂಹಿಕ ಮಾರಾಟ ವ್ಯವಸ್ಥೆಯ ನಂತರ ಬೆಳೆಗಾರರು ತಮ್ಮ ತೋಟದ ಹೆಸರಿನಲ್ಲಿಯೇ ಬೀಜ ಮಾರಲು ಸ್ವತಂತ್ರರಾದರು. ಅಲ್ಲಿಂದೀಚೆಗೆ ಲೋಟದಲ್ಲಿನ ಗುಣಕ್ಕೆ ಬೆಲೆ ಬಂದಿತು. ಕಪ್ಪಿಂಗ್ ಎಂದು ಕರೆಯಲಾಗುವ ಪರೀಕ್ಷೆಯಲ್ಲಿ ಪ್ರತಿ ಮಾದರಿಯ ಐದು ಬಟ್ಟಲುಗಳನ್ನು ಸಿದ್ಧಪಡಿಸುವುದು ಅಂತರರಾಷ್ಟ್ರೀಯ ರೂಢಿ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ ಎಂಬಷ್ಟು ನಿಖರವಾದ ಅಳತೆಯೂ ಅದಕ್ಕಿದೆ. ಚಿಕ್ಕಮಗಳೂರು ಅರೇಬಿಕಾ, ಕೊಡಗು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಇಷ್ಟೆಲ್ಲ ಎಚ್ಚರದಿಂದ ಪರೀಕ್ಷೆಗೊಳಗಾದ ಬೀಜ ಹುರಿಯುವವರ ಕೈ ಸೇರಿದ ಮೇಲೆ ಶಿಸ್ತು ಸಡಿಲವಾಗುತ್ತದೆ. ಮಾಲೀಕರೇ ಬೆಳಿಗ್ಗೆ ಒಂದು ಲೋಟ ಕುಡಿದು ತಲೆದೂಗಿದರೆ ಆ ದಿನದ ಗುಣಮಟ್ಟ ಪರೀಕ್ಷೆ ಮುಗಿಯಿತು. ದಶಕಗಳ ಅನುಭವವುಳ್ಳ ನಾಲಿಗೆಯನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಯಾವ ಲೋಟದಲ್ಲಿ ಏನಿದೆಯೆಂದು ಮೊದಲೇ ತಿಳಿದಿರುವ ನಾಲಿಗೆ ಎಷ್ಟೇ ಪಳಗಿದ್ದರೂ ನಿಷ್ಪಕ್ಷಪಾತಿಯಾಗಲಾರದು.

ಮೂರು ಲೋಟಗಳ ಪರೀಕ್ಷೆ

ಉದಾಹರಣೆಗೆ, ಹುರಿದ ಕಾಫಿ ಕಿಲೋಗೆ 600 ರೂಪಾಯಿ, ಚಿಕೋರಿ 150 ರೂಪಾಯಿ ಎಂದು ಇಟ್ಟುಕೊಳ್ಳೋಣ. 80:20ರ ಮಿಶ್ರಣಕ್ಕೆ ಕಿಲೋಗೆ ತಗಲುವ ವೆಚ್ಚ 510 ರೂಪಾಯಿ. 70:30 ಮಾಡಿದರೆ 465 ರೂಪಾಯಿ. ಉಳಿತಾಯ 45 ರೂಪಾಯಿ. ಈ 45 ರೂಪಾಯಿಗಾಗಿ ಎಷ್ಟು ಗಿರಾಕಿಗಳನ್ನು ಕಳೆದುಕೊಳ್ಳಬೇಕಾದೀತು ಎಂಬುದೇ ಪ್ರಶ್ನೆ.

ಇದಕ್ಕೆ ಸರಳವಾದ ಉಪಾಯವೊಂದುಂಟು. ಪ್ರತಿಯೊಬ್ಬ ಪರೀಕ್ಷಕನ ಮುಂದೆ ಮೂರು ಲೋಟಗಳನ್ನಿಡಬೇಕು. ಎರಡರಲ್ಲಿ ಒಂದೇ ಮಿಶ್ರಣ, ಒಂದರಲ್ಲಿ ಬೇರೆಯದು. ಲೋಟಗಳ ಮೇಲೆ ಅರ್ಥವಿಲ್ಲದ ಮೂರಂಕಿಯ ಸಂಖ್ಯೆಗಳು ಮಾತ್ರ ಇರಬೇಕು. ಪರೀಕ್ಷಕನ ಕೆಲಸ ಉತ್ತಮವಾದುದನ್ನು ಆರಿಸುವುದಲ್ಲ, ಬೇರೆಯಾದುದನ್ನು ಗುರುತಿಸುವುದು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬನ ಉತ್ತರ ಸರಿಯಾಗುವ ಸಂಭವವಿದೆ. ಆದ್ದರಿಂದ 24 ಮಂದಿಯಲ್ಲಿ 8 ಮಂದಿ ಸರಿಯಾಗಿ ಹೇಳಿದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. 13 ಅಥವಾ ಅದಕ್ಕಿಂತ ಹೆಚ್ಚು ಮಂದಿ ಸರಿಯಾಗಿ ಹೇಳಿದರೆ ಅದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. 12 ಮಂದಿಯಷ್ಟೇ ಇದ್ದರೆ 8 ಸರಿಯುತ್ತರಗಳು ಬೇಕು.

ಪರೀಕ್ಷೆ ಫಲ ಕೊಡಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಲೇಬೇಕು. ಪುಡಿಯ ತೂಕ, ನೀರಿನ ಅಳತೆ, ಡಿಕಾಕ್ಷನ್ ಇಳಿಯುವ ಅವಧಿ ಎಲ್ಲಕ್ಕೂ ಒಂದೇ ಇರಬೇಕು. ಹಾಲು ಒಂದೇ ಪಾತ್ರೆಯದಾಗಿರಬೇಕು. ಸಕ್ಕರೆ ತೂಗಿ ಹಾಕಬೇಕು. ಬಣ್ಣದ ಸುಳಿವು ಸಿಗದಂತೆ ಮುಚ್ಚಳವಿರುವ ಲೋಟಗಳನ್ನೋ ಕೆಂಪು ದೀಪವನ್ನೋ ಬಳಸುವುದು ಲೇಸು. ಲೋಟ ತುಂಬಿಸಿದವರೇ ಅದನ್ನು ಹಂಚಬಾರದು. ಅವರ ಮುಖಭಾವವೂ ಸುಳಿವು ಕೊಡಬಲ್ಲದು. ಪರೀಕ್ಷೆ ನಡೆಯುವ ಕೋಣೆಯಲ್ಲಿ ಊದುಬತ್ತಿಯ ವಾಸನೆ ಇರಬಾರದು. ಪರೀಕ್ಷಕರು ಎಲೆ ಅಡಿಕೆ ಮೆದ್ದು ಬಂದಿರಬಾರದು. ಗಿರಾಕಿ ಕುಡಿಯುವುದು ಹಾಲು ಬೆರೆಸಿದ ಕಾಫಿಯನ್ನಾದ್ದರಿಂದ, ಬರಿಯ ಡಿಕಾಕ್ಷನ್ನಿನ ಜೊತೆಗೆ ಹಾಲು ಬೆರೆಸಿದ ಕಾಫಿಯಲ್ಲಿಯೂ ಪರೀಕ್ಷೆ ಆಗಬೇಕು. ಡಿಕಾಕ್ಷನ್ನಿನಲ್ಲಿ ಎದ್ದು ಕಾಣುವ ವ್ಯತ್ಯಾಸವನ್ನು ಹಾಲು ಮುಚ್ಚಿಬಿಡುವುದುಂಟು.

ಇಲ್ಲೊಂದು ಅಪಾಯವನ್ನೂ ಗಮನಿಸಬೇಕು. ವ್ಯತ್ಯಾಸ ತಿಳಿಯಲಿಲ್ಲವೆಂದ ಮಾತ್ರಕ್ಕೆ ವ್ಯತ್ಯಾಸವೇ ಇಲ್ಲವೆಂದಾಗದು. ಶೇ. 20ರಷ್ಟಿದ್ದ ಚಿಕೋರಿಯನ್ನು 22ಕ್ಕೆ ಏರಿಸಿದಾಗ ಯಾರಿಗೂ ತಿಳಿಯದಿರಬಹುದು. 22ರಿಂದ 24ಕ್ಕೆ ಏರಿಸಿದಾಗಲೂ ಅಷ್ಟೇ. ಹೀಗೆ ಐದು ಬಾರಿ ಪರೀಕ್ಷೆಯಲ್ಲಿ ಗೆದ್ದ ಉದ್ಯಮಿ ಶೇ. 30ಕ್ಕೆ ಬಂದು ನಿಂತಿರುತ್ತಾನೆ. ಅಷ್ಟರಲ್ಲಿ ಗಿರಾಕಿ ಕಾರಣ ಹೇಳದೆಯೇ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ಆದ್ದರಿಂದ ಪ್ರತಿ ಬಾರಿಯೂ ಹೋಲಿಕೆ ನಡೆಯಬೇಕಾದದ್ದು ಹಿಂದಿನ ತಿಂಗಳ ಮಿಶ್ರಣದೊಂದಿಗಲ್ಲ, ಹೆಸರು ತಂದುಕೊಟ್ಟ ಮೂಲ ಮಿಶ್ರಣದೊಂದಿಗೆ. ಪುಡಿ ಬೇಗನೆ ಸೊಗಡು ಕಳೆದುಕೊಳ್ಳುವುದರಿಂದ ಹಳೆಯ ಡಬ್ಬಿಯನ್ನು ತೆಗೆದಿಟ್ಟುಕೊಂಡು ಪ್ರಯೋಜನವಿಲ್ಲ. ಮೂಲ ಪಾಕವನ್ನು ಬರೆದಿಟ್ಟುಕೊಂಡು ಪರೀಕ್ಷೆಯ ದಿನಕ್ಕೆ ಹೊಸದಾಗಿಯೇ ಹುರಿದು ಸಿದ್ಧಪಡಿಸಬೇಕು.

ಇನ್ನು, ರುಚಿ ಪರೀಕ್ಷೆಯಲ್ಲಿ ಗೆದ್ದರೂ ಕಾನೂನಿನ ಹೊಣೆ ತಪ್ಪದು. ಕಾಫಿ ಮತ್ತು ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ತೂಕದಲ್ಲಿ ಶೇ. 51ಕ್ಕಿಂತ ಕಡಿಮೆಯಾಗಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಲೇಬೇಕು. ಒಳಗಿನ ಪ್ರಮಾಣ ಬದಲಾದರೆ ಹೊರಗಿನ ಅಂಕಿಯೂ ಬದಲಾಗಬೇಕು. ಗಿರಾಕಿಗೆ ತಿಳಿಯಲಿಲ್ಲವೆಂಬುದು ಸುಳ್ಳು ಚೀಟಿಗೆ ಸಮರ್ಥನೆಯಾಗದು.

ಪರೀಕ್ಷೆಯ ಮಿತಿ

ಅನಾಮಿಕ ಪರೀಕ್ಷೆಯನ್ನೇ ಸರ್ವಸ್ವವೆಂದು ನಂಬಿದವರು ಪೆಟ್ಟು ತಿಂದ ನಿದರ್ಶನವೂ ಇದೆ. 1985ರ ಏಪ್ರಿಲ್‌ನಲ್ಲಿ ಕೋಕಾ ಕೋಲಾ ಕಂಪೆನಿಯು ತನ್ನ ಪಾನೀಯದ ಪಾಕವನ್ನು ಬದಲಿಸಿತು. ಅದಕ್ಕೆ ಮೊದಲು ನಡೆಸಿದ ಸುಮಾರು 2 ಲಕ್ಷ ರುಚಿ ಪರೀಕ್ಷೆಗಳಲ್ಲಿ ಹೊಸ ಪಾಕವೇ ಮೇಲುಗೈ ಸಾಧಿಸಿತ್ತು. ಆದರೂ ಜನರ ಆಕ್ರೋಶಕ್ಕೆ ಮಣಿದು 79 ದಿನಗಳಲ್ಲಿ ಹಳೆಯ ಪಾಕವನ್ನು ಮರಳಿ ತರಬೇಕಾಯಿತು. ಒಂದು ಗುಟುಕಿನಲ್ಲಿ ಹಿತವೆನಿಸಿದ ಸಿಹಿ ಇಡೀ ಬಾಟಲಿಗೆ ಹಿತವಾಗಬೇಕೆಂದಿಲ್ಲ. ಅದಕ್ಕೂ ಮಿಗಿಲಾಗಿ, ಗಿರಾಕಿ ಹಣ ಕೊಡುವುದು ರುಚಿಗೆ ಮಾತ್ರವಲ್ಲ, ರೂಢಿಗೂ ನಂಬಿಕೆಗೂ ಸಹ.

ಈ ಆಕ್ಷೇಪವನ್ನು ಒಪ್ಪಿಕೊಂಡರೂ ಪರೀಕ್ಷೆಯ ಉಪಯೋಗ ಕುಂದುವುದಿಲ್ಲ. ಯಾವುದನ್ನು ಮಾರಬೇಕು ಎಂಬುದಕ್ಕೆ ಅನಾಮಿಕ ಪರೀಕ್ಷೆ ಕೊನೆಯ ಮಾತಾಗಲಾರದು. ಆದರೆ ಮಾರುತ್ತಿರುವುದು ಹಿಂದಿನಂತೆಯೇ ಇದೆಯೇ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಸುಲಭವಾಗಿ ಸಿಗದು. ನಂಬಿಕೆಯೇ ಬಂಡವಾಳವಾಗಿರುವ ಸಣ್ಣ ಉದ್ಯಮಿಗೆ ಬೇಕಾಗಿರುವುದು ಈ ಎರಡನೆಯ ಉತ್ತರ.

ವಿಮರ್ಶೆಯ ಮಾತು

ಅಂತರ್ಜಾಲದಲ್ಲಿ ಪ್ರಕಟವಾಗುವ ಗ್ರಾಹಕರ ಅಭಿಪ್ರಾಯಗಳು ಇಂದು ಮಾರಾಟದ ಮೇಲೆ ಗಣನೀಯ ಪ್ರಭಾವ ಬೀರುತ್ತಿವೆ. ಇವುಗಳ ಸಂಗ್ರಹ ಮತ್ತು ಪ್ರಕಟಣೆಗೆ ಸಂಬಂಧಿಸಿದಂತೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೇ ಹೊರತಂದಿತು. ಅಭಿಪ್ರಾಯ ಪ್ರಾಮಾಣಿಕವಾಗಿದ್ದರೂ ಹೆಸರು ಮತ್ತು ಬೆಲೆಯನ್ನು ನೋಡಿ ಕುಡಿದವರ ಮಾತು ಅದೆಂಬುದನ್ನು ಮರೆಯಬಾರದು. "ಸೊಗಸಾಗಿದೆ", "ಚೆನ್ನಾಗಿಲ್ಲ" ಎಂಬ ಮಾತುಗಳಿಂದ ತಯಾರಕನಿಗೆ ಸಂತೋಷವೋ ದುಃಖವೋ ಆದೀತೇ ಹೊರತು ಏನನ್ನು ತಿದ್ದಬೇಕೆಂಬುದು ತಿಳಿಯುವುದಿಲ್ಲ. ಕಹಿ ಹೆಚ್ಚೇ, ಹುಳಿ ಇದೆಯೇ, ಸುಟ್ಟ ವಾಸನೆಯೇ, ಕುಡಿದ ಮೇಲೆ ಬಾಯಲ್ಲಿ ಉಳಿಯುವುದೇನು ಎಂಬ ವಿವರಗಳೇ ಉಪಯುಕ್ತ. ವಿಶಿಷ್ಟ ಕಾಫಿಗಳ ಅಂತರರಾಷ್ಟ್ರೀಯ ಸಂಘವು 2023ರಲ್ಲಿ ಪರಿಚಯಿಸಿದ ಹೊಸ ಮೌಲ್ಯಮಾಪನ ಪದ್ಧತಿಯಲ್ಲಿ ರುಚಿಯ ವರ್ಣನೆಯನ್ನೂ ಮೆಚ್ಚುಗೆಯನ್ನೂ ಬೇರೆ ಬೇರೆಯಾಗಿ ದಾಖಲಿಸುವ ಏರ್ಪಾಡು ಮಾಡಿರುವುದು ಇದೇ ಕಾರಣಕ್ಕೆ. ಸಣ್ಣ ಉದ್ಯಮಿಯೂ ಎರಡು ಕಲಂಗಳ ಒಂದು ಹಾಳೆಯಲ್ಲಿ ಇದನ್ನು ಅನುಸರಿಸಬಹುದು.

ಸಾಮೂಹಿಕ ಪ್ರಯತ್ನ

ಒಂದು ಕಾಫಿ ವರ್ಕ್ಸ್‌ಗೆ 24 ಮಂದಿ ಪರೀಕ್ಷಕರನ್ನು ಕಲೆಹಾಕುವುದು ಕಷ್ಟವಾಗಬಹುದು. ಸ್ವಂತ ನೌಕರರು ಮಾಲೀಕನ ಎದುರು ಮನಬಿಚ್ಚಿ ಮಾತನಾಡುವುದೂ ಕಷ್ಟವೇ. ಈ ಕೊರತೆಯನ್ನು ಜಿಲ್ಲಾ ವಾಣಿಜ್ಯ ಸಂಸ್ಥೆಗಳು ತುಂಬಬಹುದು. ತಿಂಗಳಿಗೊಮ್ಮೆ ಸಂಸ್ಥೆಯ ಸಭಾಂಗಣದಲ್ಲಿ ಸದಸ್ಯರ ಪುಡಿಗಳನ್ನು ಸಂಖ್ಯೆಗಳಡಿ ಪರೀಕ್ಷಿಸಿ, ಫಲಿತಾಂಶವನ್ನು ಆಯಾ ಸದಸ್ಯನಿಗೆ ಮಾತ್ರ ಮೊಹರು ಮಾಡಿದ ಲಕೋಟೆಯಲ್ಲಿ ತಲುಪಿಸುವ ಏರ್ಪಾಡು ಸಾಧ್ಯ. ಬಹುಮಾನ ಬೇಡ, ಶ್ರೇಯಾಂಕ ಬೇಡ, ಪ್ರಚಾರವೂ ಬೇಡ. ಬಟ್ಟೆ ವ್ಯಾಪಾರಿ, ಹಾರ್ಡ್‌ವೇರ್ ವ್ಯಾಪಾರಿಗಳೇ ಪರೀಕ್ಷಕರಾದರೆ ಇನ್ನೂ ಒಳಿತು; ದಿನವೂ ಕಾಫಿ ಕುಡಿಯುವ ಗಿರಾಕಿಗಳ ಪ್ರತಿನಿಧಿಗಳು ಅವರೇ. ಮಸಾಲೆ ಪುಡಿ, ಉಪ್ಪಿನಕಾಯಿ, ಬೇಕರಿ ತಿನಿಸುಗಳ ತಯಾರಕರಿಗೂ ಇದೇ ಮೇಜು ಮುಂದೆ ಉಪಯೋಗಕ್ಕೆ ಬರುತ್ತದೆ.

ಬೀಜದ ಬೆಲೆ ಏರುತ್ತದೆ, ಇಳಿಯುತ್ತದೆ. ಅದು ಸಣ್ಣ ಉದ್ಯಮಿಯ ಕೈಯಲ್ಲಿಲ್ಲ. ಮಿಶ್ರಣ ಬದಲಿಸುವ ಮುನ್ನ ಹೆಸರು ಮುಚ್ಚಿದ ಮೂರು ಲೋಟಗಳನ್ನು ಮುಂದಿಟ್ಟುಕೊಳ್ಳುವುದು ಮಾತ್ರ ಅವನ ಕೈಯಲ್ಲಿಯೇ ಇದೆ. ಗಿರಾಕಿ ಪ್ರತಿದಿನ ಬೆಳಿಗ್ಗೆ ಮನೆಯಲ್ಲಿ ಇದೇ ಪರೀಕ್ಷೆಯನ್ನು ನಡೆಸುತ್ತಿರುತ್ತಾನೆ. ಅವನು ತೀರ್ಪು ಕೊಡುವ ಮೊದಲೇ ಅದನ್ನು ತಿಳಿದುಕೊಳ್ಳುವುದು ಲಾಭದಾಯಕ.