ಕಾಡು ಕಾಯುವವರಿಗೊಂದು ಹಳೇ ಸೀರೆ



ಶಿವರಾತ್ರಿಯ ಮರುದಿನ ಸಂಡಿಗೆ ಇಡುತ್ತಾ ಕೂತಿದ್ದೆ. ಹಿಂದಿನ ಬೀದಿಯ ಹುಡುಗಿ ಬಂದು, "ಅಕ್ಕಾ, ಹಳೇ ವಾಯಿಲ್ ಸೀರೆ ಇದ್ರೆ ಒಂದು ಕೊಡ್ತೀರಾ?" ಎಂದಳು. ತೊಟ್ಟಿಲು ಕಟ್ಟುವುದಕ್ಕೇನೋ ಎಂದು ನಕ್ಕೆ. "ಅದಕ್ಕಲ್ಲ ಅಕ್ಕಾ, ನಮ್ಮನೆಯೋರಿಗೆ. ಬೆಂಕಿ ಕಾಲ ಬಂತಲ್ಲ, ಹೊಗೇಲಿ ಮೂಗಿಗೆ ಒದ್ದೆ ಬಟ್ಟೆ ಕಟ್ಕೋಬೇಕು" ಎಂದಳು. ಅವಳ ಗಂಡ ಕಾಡಿನಲ್ಲಿ ವಾಚರ್. ಗಾರ್ಡುಗಳ ಜೊತೆ ಕಳ್ಳಬೇಟೆ ತಡೆಯುವ ಕ್ಯಾಂಪಿನಲ್ಲಿ ದಿನಗಟ್ಟಲೆ ಇರುತ್ತಾನೆ.

ನನಗೆ ಮನಸ್ಸು ತಡೆಯಲಿಲ್ಲ. ಕೂರಿಸಿ ಕಾಫಿ ಕೊಟ್ಟು, ಅವನು ಏನೇನು ಹೊತ್ತುಕೊಂಡು ಹೋಗುತ್ತಾನೆಂದು ಕೇಳಿದೆ. ಅಕ್ಕಿ, ಬೇಳೆ, ಉಪ್ಪಿನಕಾಯಿ, ಟಾರ್ಚು, ಮಚ್ಚು, ನೀರಿನ ಬಾಟ್ಲು. "ಬೂಟು?" ಎಂದೆ. "ಹೋದ ಮಳೇಲೇ ಬಾಯಿ ಬಿಡ್ತು. ಈಗ ಚಪ್ಪಲಿ." ಮುಳ್ಳು, ಹಾವು, ಕೆಂಡದ ನೆಲ, ಎಲ್ಲಕ್ಕೂ ಅದೇ ಚಪ್ಪಲಿ! ನಮ್ಮ ಮದುವೆಮನೆಗಳ ಹೂವಿನ ಅಲಂಕಾರದ ದುಡ್ಡಿನಲ್ಲಿ ಒಂದು ಕ್ಯಾಂಪಿಗೇ ಒಳ್ಳೇ ಬೂಟು ಬಂದೀತು.

ಒಲೆ ಮುಂದೆ ನೈಲಾನ್ ಸೀರೆ ಉಟ್ಟರೆ ನಮ್ಮತ್ತೆ ಬೈಯುತ್ತಿದ್ದರು. ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಕಾಡಿನ ಬೆಂಕಿಗೂ ಅದೇ ಲೆಕ್ಕ. ದಪ್ಪ ಹತ್ತಿಬಟ್ಟೆ, ಚರ್ಮದ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕು. ಇವತ್ತಿಗೂ ಎಷ್ಟೋ ಕಡೆ ಹಸಿ ಸೊಪ್ಪಿನ ಕೊಂಬೆಯಿಂದ ಬಡಿದೇ ಬೆಂಕಿ ಆರಿಸುತ್ತಾರೆ. ತರಗೆಲೆಯನ್ನು ಗಾಳಿಯಿಂದ ತಳ್ಳಿ ಬೆಂಕಿಗೆ ಮುಂದೆ ದಾರಿಯಿಲ್ಲದಂತೆ ಮಾಡುವ ಯಂತ್ರ ಈಗ ಬಂದಿದೆ, ನಾವು ಅಂಗಳ ಗುಡಿಸಿದ ಹಾಗೇ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡೊಬ್ಬರು ಅದರಲ್ಲೇ ಸಿಕ್ಕಿ ಸತ್ತರು. 2019ರ ಫೆಬ್ರವರಿಯಲ್ಲಿ ಅದೇ ಕಾಡು 10,000 ಎಕರೆಗೂ ಹೆಚ್ಚು ಸುಟ್ಟಿತು.

"ಬೆಂಕಿಗಿಂತ ನಂಗೆ ಚಿರತೆ ಹಿಡಿಯೋಕೆ ಕರೆದಾಗ್ಲೇ ಜಾಸ್ತಿ ಭಯ. ಜನ ಸುಮ್ನಿರಲ್ಲ ಅಕ್ಕಾ" ಎಂದಳು. ಜನ ಎಂದರೆ ನಾವೇ ತಾನೆ!

ರಾತ್ರಿ ನಾಯಿಯನ್ನೋ ಕೋಳಿಯನ್ನೋ ಅಟ್ಟಿಸಿಕೊಂಡು ಬಂದ ಚಿರತೆ ಕಟ್ಟೆಯಿಲ್ಲದ ಬಾವಿಗೆ ಬೀಳುತ್ತದೆ. ಮದ್ದಿನ ಬಂದೂಕು ಹೊಡೆದು ಮಲಗಿಸಬಾರದೇ ಎಂದು ನಾನೂ ಅಂದುಕೊಂಡಿದ್ದೆ. ನೀರಿನಲ್ಲಿ ಪ್ರಜ್ಞೆ ತಪ್ಪಿದರೆ ಮುಳುಗಿ ಸಾಯುತ್ತದಂತೆ! ಅದಕ್ಕೇ ಹಗ್ಗದಲ್ಲಿ ಬೋನು ಇಳಿಸುತ್ತಾರೆ, ಇಲ್ಲವೇ ಏಣಿ ಇಟ್ಟು ದೂರ ಸರಿಯುತ್ತಾರೆ. ಗಲಾಟೆ ಇಲ್ಲದಿದ್ದರೆ ಅದೇ ಹತ್ತಿ ಹೋಗುತ್ತದೆ. ನೆಲದ ಮೇಲಿದ್ದರೂ ಮದ್ದು ತಕ್ಷಣ ಏರುವುದಿಲ್ಲ. ಎಷ್ಟು ಕೊಡಬೇಕೆಂಬ ಲೆಕ್ಕ ಪಶುವೈದ್ಯರದು. ಮದ್ದು ಏರುವವರೆಗಿನ ಆ ನಿಮಿಷಗಳಲ್ಲಿ ಬಲೆ, ಗುರಾಣಿ, ಹೆಲ್ಮೆಟ್ಟು ಇಲ್ಲದೆ ಎದುರಿಗೆ ನಿಂತವರ ಗತಿ ಯೋಚಿಸಿ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ, ಚಿರತೆಗಳನ್ನೇ ಅಭ್ಯಾಸ ಮಾಡಿದ ಸಂಜಯ್ ಗುಬ್ಬಿಯವರಿಗೂ ಗಾಯವಾಯಿತು. 2023ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲೂಕಿನಲ್ಲಿ, ಗಾಯಗೊಂಡ ಆನೆಗೆ ಚಿಕಿತ್ಸೆ ಕೊಡಲು ಮದ್ದು ಹೊಡೆಯಹೋದ ನುರಿತವರನ್ನೇ ಆನೆ ಕೊಂದುಹಾಕಿತು. ಇನ್ನು ಚಪ್ಪಲಿ ಕಾಲಿನ ಹುಡುಗರ ಪಾಡೇನು?

ನಮ್ಮ ಮಹಿಳಾ ಸಮಾಜದಲ್ಲಿ ಬೂಟಿನ ಮಾತೆತ್ತಿದೆ. "ಅದು ಸರ್ಕಾರದ ಕೆಲಸ ಕಣ್ರೀ" ಎಂದರು ಒಬ್ಬರು. ಹೌದು, ಸರ್ಕಾರದ್ದೇ. ಹಾಗೆಂದೇ ಎಂ.ಎಲ್.ಎ. ಅವರಿಗೆ ಅರ್ಜಿ ಬರೆದಿದ್ದೇವೆ. ಹನ್ನೊಂದು ಸಹಿ ಬಿದ್ದಿದೆ. ಅವರೂ ಹಾಕಿದರು ಅನ್ನಿ.

ಎರಡು ಸೀರೆ ನಾಲ್ಕು ನಾಲ್ಕು ತುಂಡು ಮಾಡಿ, ಅಂಚು ಹೊಲಿದು ಕೊಟ್ಟೆ. ಹಿತ್ತಲ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಎಂದು ನಮ್ಮ ಯಜಮಾನರಿಗೆ ಹೇಳಿದ್ದೇನೆ. ಯುಗಾದಿ ಕಳೀಲಿ ಎಂದಿದ್ದಾರೆ.