ಪದದ ಎಳೆ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟವು ರೇಷ್ಮೆಗೆ ಹೆಸರಾದ ಊರು. ಅಲ್ಲಿನ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವವರನ್ನು ಜನರು ರೀಲರುಗಳೆಂದು ಕರೆಯುತ್ತಾರೆ. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಒಂದೊಂದರಿಂದಲೂ ನೂರಾರು ಮೀಟರ್ ಉದ್ದದ ಎಳೆಯನ್ನು ಬಿಚ್ಚಿ ಸುತ್ತುವುದು ಅವರ ಕಸುಬು. ಅದೇ ಊರಿನ ಹಿರಿಯರು ಚಲನಚಿತ್ರದ ರೀಲನ್ನು ನೆನೆಯುತ್ತಾರೆ. ಕಿರಿಯರು ಮೊಬೈಲಿನಲ್ಲಿ ರೀಲು ನೋಡುತ್ತಾರೆ. ಸುಳ್ಳು ಹೆಣೆಯುವವನಿಗೆ ‘ರೀಲು ಬಿಡಬೇಡ’ ಎಂದು ಎಲ್ಲರೂ ಹೇಳುತ್ತಾರೆ. ಪದ ಒಂದು, ಅರ್ಥ ನಾಲ್ಕು; ಆದರೂ ಯಾರಿಗೂ ಗೊಂದಲವಿಲ್ಲ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ನೂಲು ಸುತ್ತುವ ಸಾಧನದ ಹೆಸರು ಚಿತ್ರದ ಸುರುಳಿಗೆ ಬಂದಿತು. ಸುರುಳಿಯಿಂದ ಚಿತ್ರಕ್ಕೆ ದಾಟಿತು. ಮೊಬೈಲಿನಲ್ಲಿ ಸುತ್ತುವ ಸುರುಳಿಯೇ ಇಲ್ಲ. ಆದರೂ ಹೆಸರು ಉಳಿಯಿತು. ‘ರೀಲು ಬಿಡುವುದು’ ಮಾತ್ರ ನಮ್ಮವರ ಬಳಕೆ. ಅದನ್ನು ಮಾತಿಗೆ ಮಾತಾಗಿ ಇಂಗ್ಲಿಷಿಗೆ ಒಯ್ದರೆ ಆಂಗ್ಲರಿಗೆ ಅರ್ಥವಾಗದು. ಅವರು ಕಟ್ಟುಕಥೆಗೆ ‘ಯಾರ್ನ್’, ಅಂದರೆ ನೂಲು, ಎನ್ನುತ್ತಾರೆ. ಹೋಲಿಕೆ ಮಾಡುವ ಬುದ್ಧಿ ಎಲ್ಲ ಜನರಿಗೂ ಉಂಟು. ಆರಿಸಿಕೊಳ್ಳುವ ಹೋಲಿಕೆ ಬೇರೆ ಬೇರೆ.

ಆದರೆ ಧ್ವನಿ ಒಂದೇ ಆದ ಮಾತ್ರಕ್ಕೆ ನಂಟು ಕಲ್ಪಿಸಲಾಗದು. ಚಿಂತಾಮಣಿ, ಗೌರಿಬಿದನೂರುಗಳ ಬಯಲುಸೀಮೆಯಲ್ಲಿ ‘ಬೋರು’ ಎಂದರೆ ಕೊಳವೆಬಾವಿ. ಇಂಗ್ಲಿಷಿನಲ್ಲಿ ಅದು ಮೊದಲು ಕೊರೆಯುವ ಕ್ರಿಯೆ; ಇಲ್ಲಿ ಕೊರೆದ ಬಾವಿಗೇ ಹೆಸರಾಗಿದೆ. ‘ಬೋರು ಬತ್ತಿತು’ ಎಂದಾಗ ಬತ್ತಿದ್ದು ನೀರೆಂದು ರೈತನಿಗೆ ತಿಳಿಯುತ್ತದೆ. ಬೇಸರವನ್ನು ಸೂಚಿಸುವ ‘ಬೋರು’ ಬೇರೊಂದು ಪದ. ಇಂಗ್ಲಿಷ್ ನಿಘಂಟುಗಳು ಅದನ್ನು ಪ್ರತ್ಯೇಕವಾಗಿಯೇ ಕೊಡುತ್ತವೆ.

ಹೀಗಿರಲು, ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಯು ಒಂದು ಪದದ ಹತ್ತು ಅರ್ಥಗಳನ್ನು ಹತ್ತು ಬಿಡಿ ಸಂಗತಿಗಳೆಂದು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ಪರೀಕ್ಷೆಗೆ ಪಟ್ಟಿ ಬೇಕೆಂದು ಕೆಲವರು ಹೇಳಬಹುದು. ಪಟ್ಟಿ ಇರಲಿ; ಆದರೆ ಮೂಲಾರ್ಥವನ್ನು ಹಿಡಿದು, ಅದರಿಂದ ಉಳಿದ ಅರ್ಥಗಳು ಹೇಗೆ ಕವಲೊಡೆದವೆಂದು ನೋಡಿದವನಿಗೆ ಪಟ್ಟಿಯು ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ. ಬಾಯಿಪಾಠ ಮಾಡಿದವನು ಹನ್ನೊಂದನೆಯ ಅರ್ಥ ಎದುರಾದಾಗ ಕಂಗೆಡುತ್ತಾನೆ. ಮೂಲವನ್ನು ಬಲ್ಲವನು ಸಂದರ್ಭವನ್ನು ನೋಡಿ ಊಹಿಸುತ್ತಾನೆ.

ಈ ಸೀಮೆಯ ಅನೇಕ ಮಕ್ಕಳು ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡಿ ಬೆಳೆದವರು. ಸಂದರ್ಭವರಿತು ಪದವನ್ನು ತೂಗುವ ಕಲೆ ಅವರಿಗೆ ಹೊಸದಲ್ಲ. ಸೂಜಿಗೆ ಕಣ್ಣನ್ನೂ ಮಡಕೆಗೆ ಬಾಯಿಯನ್ನೂ ಕೊಟ್ಟ ಭಾಷೆಯನ್ನು ಆಡುವವರು ಇಂಗ್ಲಿಷಿನ ಪದಕ್ಕೆ ಅಂಜಬೇಕಾದುದಿಲ್ಲ. ಗೂಡಿನ ಎಳೆಯ ತುದಿ ಸಿಕ್ಕಿದರೆ ಉಳಿದುದು ಬಿಚ್ಚಿಕೊಂಡು ಬರುತ್ತದೆ. ಪದದ ವಿಷಯವೂ ಹಾಗೆಯೇ.